ಎಕ್ಸ್‌ಪ್ಯಾಟ್: ಲೈಬ್ರರಿಗೆ ನಾಲ್ಕು ಸ್ಟಾರ್, ಹಳೇ ಪ್ರತಿಗೆ ಸೊನ್ನೆ

ತುಮಕೂರಿನ ಬಟವಾಡಿ ಮಂಡಿಗಳಲ್ಲಿ ಟ್ಯಾಲಿಯಿಂದ ಎಕ್ಸ್‌ಎಂಎಲ್ (ಟ್ಯಾಗ್ ಹಾಕಿದ ಡೇಟಾ ಫೈಲ್) ತೆಗೆದು ಬೇರೆ ಕಡೆ ಹಾಕಲು ಪೈಥಾನ್ ಪ್ರೋಗ್ರಾಂ ಇಟ್ಟುಕೊಂಡವರೆಲ್ಲ ಹೆಚ್ಚುಕಮ್ಮಿ ಎಕ್ಸ್‌ಪ್ಯಾಟ್ ಬಳಕೆದಾರರೇ. ಪೈಥಾನಿನ ಎಕ್ಸ್‌ಎಂಎಲ್ ಮಾಡ್ಯೂಲ್ ಎಲಿಮೆಂಟ್‌ಟ್ರೀ ಒಳಗೆ ಕೂತು ಫೈಲ್ ಓದೋದು ಇದೇ. ಜೇಮ್ಸ್ ಕ್ಲಾರ್ಕ್ ಸಿ ಭಾಷೆಯಲ್ಲಿ ಬರೆದ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಸಿದ್ಧ ಕೋಡ್. ಸಣ್ಣದು, ಉಚಿತ, ವೇಗದ ಬಗ್ಗೆ ತಕರಾರೇ ಇಲ್ಲ.

ತಕರಾರು ಇರೋದು ಕೂಡುವ ಲೆಕ್ಕದಲ್ಲಿ. ಸಿವಿಇ-2022-23852 ನೋಡಿ (ಸಿವಿಇ ಅಂದರೆ ಭದ್ರತಾ ದೋಷಗಳಿಗೆ ಕೊಡುವ ಸಾರ್ವಜನಿಕ ಸಂಖ್ಯೆ). ಫೈಲಿನ ಮುಂದಿನ ತುಂಡಿಗೆ ಎಷ್ಟು ಜಾಗ ಬೇಕು ಅಂತ ಎಕ್ಸ್‌ಪ್ಯಾಟ್ ಲೆಕ್ಕ ಹಾಕುವಾಗ, ಈಗಾಗಲೇ ಓದಿದ್ದರಲ್ಲಿ 1024 ಬೈಟ್‌ವರೆಗೆ ಉಳಿಸಿಕೊಳ್ಳಲು ಅದನ್ನೂ ಸೇರಿಸುತ್ತದೆ. ಈ ಮೊತ್ತ ಕೂರುವ ಇಂಟ್‌ನ (ಸಿ ಭಾಷೆಯ ಪೂರ್ಣಾಂಕ) ಮಿತಿ 2147483647. ಮೊತ್ತ ಅದನ್ನು ದಾಟಿದರೆ ಋಣಸಂಖ್ಯೆ ಆಗಿಬಿಡುತ್ತೆ. 'ಬೇಕಾದ ಜಾಗ ಇರೋ ಜಾಗಕ್ಕಿಂತ ಕಡಿಮೆ' ಅಂತ ಕೋಡ್ ನಂಬಿ ಹಳೇ ಬಫರನ್ನೇ (ತುಂಡು ಇಡುವ ಮೆಮೊರಿ ಜಾಗ) ಕೊಡುತ್ತದೆ. ಕರೆದ ಪ್ರೋಗ್ರಾಂ ಪೂರ್ತಿ ಉದ್ದ ಬರೆದು ಪಕ್ಕದ ಮೆಮೊರಿ ಹಾಳು ಮಾಡುತ್ತದೆ. ರಿಪೇರಿ ಏನಪ್ಪಾ ಅಂದರೆ ಕೂಡುವ ಮೊದಲೇ ಒಂದು ಪರೀಕ್ಷೆ, ಅಷ್ಟೇ. ಎಕ್ಸ್‌ಪ್ಯಾಟ್ 2.4.4ರಲ್ಲಿ ಬಂತು.

ಎಲಿಮೆಂಟ್‌ಟ್ರೀ ಫೈಲನ್ನು 64 ಕೆಬಿ ತುಂಡು ಮಾಡಿ ಕೊಡುವುದರಿಂದ ಈ ದೋಷ ಅಲ್ಲಿ ಕಚ್ಚೋದು ಕಷ್ಟ. ಭಯ ಇರೋದು ನೇರವಾಗಿ ಸಿಯಲ್ಲಿ ಬರೆದವರಿಗೆ. ಅವರಿಗೆ ಇನ್ನೊಂದು ಗುಂಡಿಯೂ ಇತ್ತು: ಫೈಲ್ ಓದುವ ರೀಡ್ ವಿಫಲವಾದಾಗ ಬರುವ -1 ಅನ್ನೇ ಉದ್ದ ಅಂತ ಎಕ್ಸ್‌ಪ್ಯಾಟ್‌ನ ಪಾರ್ಸ್‌ಬಫರ್ ಫಂಕ್ಷನ್‌ಗೆ ದಾಟಿಸಿದರೆ ಅದು ಬೇಡ ಅನ್ನುತ್ತಿರಲಿಲ್ಲ. 2.6.3ರಲ್ಲಿ ಮುಚ್ಚಿದರು. ಹೊಸದಾಗಿ ಹಾಕುವವರು 2.7.0 ಅಥವಾ ಅದರ ಮೇಲಿನದನ್ನೇ ಹಾಕಿ.

ಉಬುಂಟು 22.04ರಲ್ಲಿ ಆವೃತ್ತಿ 2.4.7 ಅಂತಲೇ ಕಾಣುತ್ತೆ, ಗಾಬರಿ ಬೇಡ. ರಿಪೇರಿಗಳನ್ನು ಹಳೇ ಸಂಖ್ಯೆಗೇ ಸೇರಿಸಿ ಕೊಡುತ್ತಾರೆ. ಲಿಬ್‌ಎಕ್ಸ್‌ಪ್ಯಾಟ್1 ಪ್ಯಾಕೇಜಿನ ಚೇಂಜ್‌ಲಾಗ್‌ನಲ್ಲಿ (ಬದಲಾವಣೆಗಳ ಪಟ್ಟಿ) ಸಿವಿಇ ಸಂಖ್ಯೆ ಹುಡುಕಿ. ಅಪ್‌ಡೇಟ್ ಆದಮೇಲೆ ಸರ್ವಿಸ್ ರೀಸ್ಟಾರ್ಟ್ ಮಾಡದಿದ್ದರೆ ಮೆಮೊರಿಯಲ್ಲಿ ಓಡೋದು ಹಳೇದೇ. ಸರ್ವರ್‌ಗೆ ಫೈಲ್ ಅಪ್‌ಲೋಡ್ ಇದ್ದರೆ, ವೆಬ್ ಸರ್ವರ್ ಸಾಫ್ಟ್‌ವೇರ್ ಎಂಜಿನ್‌ಎಕ್ಸ್‌ನ ಮೂಲ ಮಿತಿ 1 ಎಂಬಿ. ಸಾಲದಿದ್ದರೆ 20ಕ್ಕೆ ಏರಿಸಿ, ಸೊನ್ನೆ ಹಾಕಿ ಮಿತಿಯನ್ನೇ ತೆಗೆಯಬೇಡಿ.

ವಿಂಡೋಸ್ ಪಿಸಿಯ ಕಥೆ ಬೇರೆ. ಅಲ್ಲಿ ಪೈಥಾನ್ ತನ್ನದೇ ಪ್ರತಿ ಹೊತ್ತು ತರುತ್ತದೆ, ವಿಂಡೋಸ್ ಅಪ್‌ಡೇಟ್ ಅದನ್ನು ಮುಟ್ಟೋದಿಲ್ಲ. ಪೈಎಕ್ಸ್‌ಪ್ಯಾಟ್ ಮಾಡ್ಯೂಲಿನ ಎಕ್ಸ್‌ಪ್ಯಾಟ್_ವರ್ಷನ್ ಪ್ರಿಂಟ್ ಮಾಡಿದರೆ ಯಾವುದಿದೆ ಗೊತ್ತಾಗುತ್ತೆ. ಇಎಕ್ಸ್‌ಇ ಮಾಡಿ ಕೊಟ್ಟ ಪ್ರೋಗ್ರಾಂ ಆದರೆ, ಕಟ್ಟಿದ ದಿನದ ಲೈಬ್ರರಿಯೇ ಒಳಗಿರುತ್ತೆ. ಮಾಡಿಕೊಟ್ಟವರ ಹತ್ತಿರ ಹೊಸ ಬಿಲ್ಡ್ ಕೇಳಿ, ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಕಟ್ಟುವ ಮುಂಚೆಯೇ ಅದನ್ನು ಬರೆಸಿಕೊಳ್ಳಿ.