ಫಿಫ್ತ್ ವೀಲ್ ಕೊಳ್ಳುವ ಮುನ್ನ: ಬ್ರಾಂಡ್ ಆಮೇಲೆ, ಚಾಸಿ ಮೊದಲು

ಫಿಫ್ತ್ ವೀಲ್ ಎಂದರೆ ಪಿಕಪ್ ಟ್ರಕ್ಕಿನ ಹಿಂಭಾಗದಲ್ಲಿ ಕೂರಿಸಿದ ಹಿಚ್‌ಗೆ (ಕೊಂಡಿಗೆ) ಪಿನ್ನಿನಿಂದ ಕೂಡಿಸಿ ಎಳೆಯುವ, ಒಳಗೆ ವಾಸಿಸಬಹುದಾದ ಟ್ರೈಲರ್. ಅಮೆರಿಕದ ಇಂಥ ಟ್ರೈಲರ್‌ಗಳಲ್ಲಿ ಬಹುಪಾಲು ತಯಾರಾಗುವುದು ಇಂಡಿಯಾನಾದ ಎಲ್ಕಾರ್ಟ್ ಸುತ್ತಮುತ್ತ. ಹೆಸರುಗಳು ಹತ್ತಾರಿದ್ದರೂ ಒಡೆಯರು ಕೆಲವೇ ಜನ. ಕೀಸ್ಟೋನ್‌ನ ಮೊಂಟಾನಾ ಮತ್ತು ಕೂಗರ್, ಜೇಕೊ, ಹಾರ್ಟ್‌ಲ್ಯಾಂಡ್, ಡಿಆರ್‌ವಿ ಎಲ್ಲವೂ ಥಾರ್ ಇಂಡಸ್ಟ್ರೀಸ್‌ಗೆ ಸೇರಿದವು. ಸೀಡರ್ ಕ್ರೀಕ್ ತಯಾರಿಸುವ ಫಾರೆಸ್ಟ್ ರಿವರ್ 2005ರಿಂದ ಬರ್ಕ್‌ಶೈರ್ ಹ್ಯಾಥವೇ ಕೈಯಲ್ಲಿದೆ. 2012ರಲ್ಲಿ ಶುರುವಾದ ಗ್ರ್ಯಾಂಡ್ ಡಿಸೈನನ್ನು 2016ರಲ್ಲಿ ವಿನ್ನೆಬೇಗೊ ಕೊಂಡುಕೊಂಡಿತು. 2019ರ ಅಲಯನ್ಸ್, 2022ರ ಬ್ರಿಂಕ್ಲಿ ಹೊಸಬರು. ಇವುಗಳಲ್ಲಿ ಹೆಚ್ಚಿನವಕ್ಕೆ ಚಾಸಿ (ಕೆಳಗಿನ ಉಕ್ಕಿನ ಚೌಕಟ್ಟು) ಬರುವುದು ಲಿಪರ್ಟ್‌ನಿಂದ, ಆಕ್ಸಲ್ (ಚಕ್ರಗಳ ಅಚ್ಚು) ಲಿಪರ್ಟ್ ಅಥವಾ ಡೆಕ್ಸ್ಟರ್‌ನಿಂದ. ಹಾಗಾಗಿ ಸೋಫಾ, ಫೈರ್‌ಪ್ಲೇಸ್, ಅಡುಗೆಮನೆಯ ಕಲ್ಲಿನ ಕಟ್ಟೆ ನೋಡಿ ಬ್ರಾಂಡ್ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ನಾಲ್ಕೈದು ಸೀಸನ್ ಓಡಿದ ಮೇಲೆ ಕೈಕೊಡುವ ಭಾಗಗಳೇ ಬೇರೆ.

ಮೊದಲು ತೂಕದ ಲೆಕ್ಕ. ಫಿಫ್ತ್ ವೀಲ್ ತನ್ನ ತೂಕದ ಶೇ. 20ರಿಂದ 25ರಷ್ಟನ್ನು ಟ್ರಕ್ಕಿನ ಹಿಂಭಾಗದ ಮೇಲೆ ಹೇರುತ್ತದೆ. ಇದಕ್ಕೆ ಪಿನ್ ವೇಟ್ ಎನ್ನುತ್ತಾರೆ. ಜಿವಿಡಬ್ಲ್ಯುಆರ್, ಅಂದರೆ ಸಾಮಾನು ಸಮೇತ ಗಾಡಿ ತೂಗಬಹುದಾದ ಗರಿಷ್ಠ ತೂಕ, 14,000 ಪೌಂಡ್ ಇರುವ ಗಾಡಿಗೆ ಶೇ. 22 ಹಿಡಿದರೂ 3,080 ಪೌಂಡ್ ಆಯಿತು. ಅದಕ್ಕೆ ಹಿಚ್‌ನ ತೂಕ, ಕ್ಯಾಬಿನಲ್ಲಿ ಕೂತವರು, ಸಾಮಾನು ಸೇರಿಸಿ. ಟ್ರಕ್ಕಿನ ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿರುವ ಹಳದಿ ಸ್ಟಿಕ್ಕರಿನ ಪೇಲೋಡ್ (ಟ್ರಕ್ ಹೊರಬಲ್ಲ ಭಾರ) ಜೊತೆ ಇದನ್ನು ಹೋಲಿಸಿದಾಗ ಹಾಫ್ ಟನ್ ವರ್ಗದ ಹಗುರ ಟ್ರಕ್‌ಗಳು ಅಲ್ಲೇ ಹೊರಗೆ. ಅದರ ಮೇಲಿನ ವರ್ಗದ ತ್ರೀ ಕ್ವಾರ್ಟರ್ ಟನ್ ಡೀಸೆಲ್ ಟ್ರಕ್‌ಗಳಲ್ಲೂ ಅನೇಕವು ಸೋಲುತ್ತವೆ, ಏಕೆಂದರೆ ಡೀಸೆಲ್ ಎಂಜಿನ್ನಿನ ತೂಕವೇ ಪೇಲೋಡನ್ನು ತಿನ್ನುತ್ತದೆ. ಬ್ರೋಷರಿನಲ್ಲಿ ಹಾಕುವ ಖಾಲಿ ಗಾಡಿಯ ಪಿನ್ ವೇಟ್ ಈ ಲೆಕ್ಕಕ್ಕೆ ಬರುವುದಿಲ್ಲ. 60 ಗ್ಯಾಲನ್ ನೀರು ತುಂಬಿದರೆ ಅದೊಂದೇ 500 ಪೌಂಡ್.

ಎರಡನೆಯದು ಆಕ್ಸಲ್. ಜಿವಿಡಬ್ಲ್ಯುಆರ್ 16,800 ಎಂದು ಬರೆದಿರುವ ಗಾಡಿಗೆ 7,000 ಪೌಂಡಿನ ಎರಡೇ ಆಕ್ಸಲ್ ಇದ್ದರೆ ಗಮನಿಸಿ: 14,000 ಆಕ್ಸಲ್‌ನದು, ಉಳಿದ 2,800 ಪಿನ್‌ನದು ಎಂದು ಕೂಡಿಸಿ ಬರೆದ ಸಂಖ್ಯೆ ಅದು. ಪಿನ್ ಮೇಲೆ 2,800 ಅಷ್ಟೇ ಬಿದ್ದರೆ ತುಂಬಿದ ಗಾಡಿಯಲ್ಲಿ ಆಕ್ಸಲ್‌ಗೆ ಒಂದು ಪೌಂಡಿನಷ್ಟೂ ಮಿಗುವುದಿಲ್ಲ. ಟೈರ್ ಎಸ್‌ಟಿ235/80ಆರ್16, ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಇ ಆಗಿದ್ದರೆ 80 ಪಿಎಸ್‌ಐನಲ್ಲಿ ತಲಾ 3,520 ಪೌಂಡ್, ನಾಲ್ಕಕ್ಕೆ 14,080. ಬೇಸಿಗೆಯಲ್ಲಿ ಅರಿಜೋನಾದ ರಸ್ತೆಯ ಮೇಲೆ ಟೈರ್ ಸಿಡಿಯುವುದು ಹೆಚ್ಚಾಗಿ ಇಂಥ ಗಾಡಿಗಳದ್ದೇ. ಇದಕ್ಕಿಂತ ಹೆಚ್ಚು ಹೊರುವ ಲೋಡ್ ರೇಂಜ್ ಜಿ ಟೈರ್ ಕೊಡುವ ಮಾಡೆಲ್‌ಗೆ ಹೆಚ್ಚು ಹಣ ಕೊಡಬಹುದು. ಆಮೇಲೆ ನೀವೇ ಹಾಕಿಸುವುದಾದರೆ ರಿಮ್ 110 ಪಿಎಸ್‌ಐ ತಡೆಯುತ್ತದೆಯೇ ಎಂದು ರಿಮ್ಮಿನ ಮೇಲೆ ಕೆತ್ತಿರುವುದನ್ನು ಓದಿ.

ಸಸ್ಪೆನ್ಷನ್‌ನಲ್ಲಿ ಶ್ಯಾಕಲ್ (ಸ್ಪ್ರಿಂಗನ್ನು ಹಿಡಿದ ಕೊಂಡಿ) ಬೋಲ್ಟ್‌ಗಳಿಗೆ ಗ್ರೀಸ್ ಹೊಡೆಯಲು ನಿಪ್ಪಲ್ ಇದೆಯೇ ನೋಡಿ. ಇಲ್ಲದಿದ್ದರೆ ಒಳಗಿರುವುದು ನೈಲಾನ್ ಬುಶ್. ಅದು ಬೇಗ ಸವೆದು, ಬೋಲ್ಟಿನ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಕಂಚಿನ ಬುಶ್ ಮತ್ತು ಗ್ರೀಸ್ ಬೋಲ್ಟ್ ಕಿಟ್ ಹಾಕಿಸುವುದು ದೊಡ್ಡ ಖರ್ಚಲ್ಲ.

ನಿಜವಾದ ತಲೆನೋವು ಚಾಸಿಯ ಮುಂಭಾಗ. ಪಿನ್ ಬಾಕ್ಸ್ (ಪಿನ್ನನ್ನು ಹಿಡಿದ ಉಕ್ಕಿನ ಪೆಟ್ಟಿಗೆ) ಇರುವ ಮೇಲಿನ ಚೌಕಟ್ಟು, ಅಂದರೆ ಬೆಡ್‌ರೂಮಿನ ಕೆಳಗಿನ ಭಾಗ, ಓಟದಲ್ಲಿ ಬಾಗಿ ಬಾಗಿ ಬೆಸುಗೆ ಬಿಡುತ್ತದೆ, ಗೋಡೆಯನ್ನು ಚೌಕಟ್ಟಿಗೆ ಹಿಡಿದ ಸ್ಕ್ರೂಗಳು ಕಿತ್ತುಬರುತ್ತವೆ. ಪರೀಕ್ಷೆ ಸುಲಭ. ಟ್ರಕ್ಕಿಗೆ ಕೂಡಿಸಿ ಮುಂದಿನ ಕಾಲುಗಳನ್ನು ಎತ್ತಿಸಿ. ಭಾರವೆಲ್ಲ ಪಿನ್ ಮೇಲೆ ಬೀಳುವಾಗ ಮುಂಭಾಗದ ಕ್ಯಾಪ್ ಮತ್ತು ಪಕ್ಕದ ಗೋಡೆ ಸೇರುವ ಪಟ್ಟಿಯ ಮೇಲೆ ಕಣ್ಣಿಡಿ. ಸಂದು ಬಾಯಿ ಬಿಟ್ಟು ಮುಚ್ಚಿದರೆ, ಪಟ್ಟಿಯ ಬಳಿ ಸೀಲಂಟ್ ಕೂದಲೆಳೆಯಷ್ಟು ಹರಿದಿದ್ದರೆ, ಆ ಗಾಡಿ ಬೇಡ. ಒಳಗೆ ಬೆಡ್‌ರೂಮ್ ಸ್ಲೈಡಿನ (ಗಾಡಿ ನಿಂತಾಗ ಹೊರಕ್ಕೆ ಜಾರಿಸಿ ಜಾಗ ಹೆಚ್ಚಿಸುವ ಭಾಗದ) ಮೇಲಿನ ಮೂಲೆಗಳಲ್ಲಿ ವಾಲ್‌ಪೇಪರ್ ಓರೆಯಾಗಿ ಸುಕ್ಕುಗಟ್ಟಿದ್ದರೂ ಅದೇ ಅರ್ಥ. ಈ ರೋಗ ಒಂದೇ ಬ್ರಾಂಡಿನದಲ್ಲ. ಉದ್ದ, ಭಾರ, ಮುಂದೆ ವಾಷಿಂಗ್ ಮೆಷಿನ್ ಮತ್ತು ದೊಡ್ಡ ಕಪಾಟು ಇರುವ ವಿನ್ಯಾಸಗಳಿಗೆ ಅಂಟಿಕೊಂಡದ್ದು. ಪಿನ್ನನ್ನು ಟ್ರಕ್ಕಿನ ಗುಂಡಿನಾಕಾರದ ಕೊಂಡಿಗೆ ಕೂಡಿಸುವ ಗೂಸ್‌ನೆಕ್ ಅಡಾಪ್ಟರ್ ಹಾಕಿದರೆ ಸನ್ನೆಗೋಲಿನಂತೆ ಬಲ ಹೆಚ್ಚಿ ಚೌಕಟ್ಟು ಇನ್ನಷ್ಟು ಬಾಗುತ್ತದೆ, ವಾರಂಟಿಯೂ ಹೋಗಬಹುದು.

ಸ್ಲೈಡ್‌ಔಟ್‌ಗಳಲ್ಲಿ ಭಾರದ ಲಿವಿಂಗ್ ರೂಮಿಗೆ ಹೈಡ್ರಾಲಿಕ್ ಅಥವಾ ಹಲ್ಲುಪಟ್ಟಿಯ ರ‍್ಯಾಕ್ ಆಂಡ್ ಪಿನಿಯನ್ ಇರಲಿ. ಷ್ವಿನ್‌ಟೆಕ್ ಎಂಬ ವಿದ್ಯುತ್ ವ್ಯವಸ್ಥೆಯಲ್ಲಿ ಎರಡು ಬದಿಗೆ ಎರಡು ಮೋಟಾರು. ಬ್ಯಾಟರಿ ಇಳಿದಾಗ ಎರಡೂ ಹೆಜ್ಜೆ ತಪ್ಪಿ ಸ್ಲೈಡ್ ಓರೆಯಾಗುತ್ತದೆ. ಸಣ್ಣ ಬಟ್ಟೆ ಕಪಾಟಿನ ಸ್ಲೈಡಿಗೆ ಅದು ಸಾಕು. ಅರ್ಧಕ್ಕೆ ನಿಲ್ಲಿಸುವ ಅಭ್ಯಾಸ ಬೇಡ. ಪೂರ್ತಿ ಹೊರಗೆ ಹೋದ ಮೇಲೂ ಸ್ವಿಚ್ ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಮೋಟಾರುಗಳು ಮತ್ತೆ ಹೊಂದಿಕೊಳ್ಳುತ್ತವೆ.

ಚಾವಣಿಯ ರಬ್ಬರ್ ಅಥವಾ ಪ್ಲಾಸ್ಟಿಕ್ ಹಾಸು ಯಾವುದೇ ಇರಲಿ, ಟಿಪಿಒ, ಇಪಿಡಿಎಂ, ಪಿವಿಸಿ, ಹೆಚ್ಚಾಗಿ ಸೋರುವುದು ಹಾಸಿನಿಂದಲ್ಲ, ಅಂಚಿನ ಸೀಲಂಟ್‌ನಿಂದ. ಮೂರು ತಿಂಗಳಿಗೊಮ್ಮೆ ಹತ್ತಿ ನೋಡಲೇಬೇಕು. ಫೈಬರ್‌ಗ್ಲಾಸ್ ಗೋಡೆಯನ್ನು ಸಂಜೆಯ ಓರೆ ಬೆಳಕಲ್ಲಿ ಉದ್ದಕ್ಕೂ ನೋಡಿ. ಗುಳ್ಳೆ ಎದ್ದಿದ್ದರೆ ನೀರು ಆಗಲೇ ಒಳಗಿದೆ.

ಹಾಗಾದರೆ ಯಾವುದು? ವರ್ಷಕ್ಕೆ ಕೆಲವು ವಾರ ಓಡಿಸುವವರಿಗೆ ಗ್ರ್ಯಾಂಡ್ ಡಿಸೈನ್ ರಿಫ್ಲೆಕ್ಷನ್, ಜೇಕೊ ಈಗಲ್, ಕೂಗರ್ ವರ್ಗದಲ್ಲಿ ಚಿಕ್ಕ ಉದ್ದದ್ದು ಸಾಕು. ಗುಡ್ಡಗಾಡಿನ ಕಚ್ಚಾ ರಸ್ತೆಗೆ ಒರೆಗಾನ್‌ನ ಲಾ ಗ್ರ್ಯಾಂಡ್‌ನಲ್ಲಿ ನಾರ್ತ್‌ವುಡ್ ತಯಾರಿಸುವ ಆರ್ಕ್ಟಿಕ್ ಫಾಕ್ಸ್ ಮೇಲು. ಚಾಸಿಯನ್ನು ಅವರೇ ಕಟ್ಟುತ್ತಾರೆ. ಅದರಲ್ಲೇ ವಾಸ ಮಾಡುವವರು ಡಿಆರ್‌ವಿ ಮೊಬೈಲ್ ಸೂಟ್ಸ್ ನೋಡಬಹುದು, ಆದರೆ ಹಿಂದೆ ನಾಲ್ಕು ಚಕ್ರದ ಒನ್ ಟನ್ ಡ್ಯುಯಲಿ ಇಲ್ಲದೆ ಅದರ ಮಾತೇ ಬೇಡ. ಬ್ರಿಂಕ್ಲಿಯ ಕೆಲಸ ಅಚ್ಚುಕಟ್ಟು, ನಿಜ. ಹತ್ತು ವರ್ಷ ಹಳೆಯ ಬ್ರಿಂಕ್ಲಿ ಇನ್ನೂ ಒಂದೂ ಇಲ್ಲ ಎನ್ನುವುದೂ ನಿಜ.

ವಾರಂಟಿಯಲ್ಲಿ ಜೇಕೊ 2 ವರ್ಷ ಕೊಡುತ್ತದೆ, ಹಲವರು 1 ವರ್ಷಕ್ಕೆ ನಿಲ್ಲಿಸುತ್ತಾರೆ. ಗಾಡಿಯಲ್ಲೇ ಮನೆ ಮಾಡಿದರೆ ವಾರಂಟಿ ಅನ್ವಯಿಸದು ಎಂಬ ಸಾಲು ಅನೇಕ ಪುಸ್ತಿಕೆಗಳಲ್ಲಿರುತ್ತದೆ, ಸಹಿ ಮಾಡುವ ಮೊದಲೇ ಓದಿ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರು ಇನ್ನೆರಡು ವಿಷಯ ನೆನಪಿಡಬೇಕು: ಟ್ರೈಲರಿನ ಉದ್ದಕ್ಕೆ ಅಲ್ಲಿ ಕಾನೂನಿನ ಮಿತಿ ಇದೆ, 15,000 ಪೌಂಡ್ ದಾಟಿದ ಫಿಫ್ತ್ ವೀಲ್‌ಗೆ ಮಾಮೂಲಿ ಲೈಸೆನ್ಸ್ ಸಾಲದು, ನಾನ್ ಕಮರ್ಷಿಯಲ್ ಕ್ಲಾಸ್ ಎ ಬೇಕು.