ಮಾಡಿಫೈ ಆದ ಹಳೇ ಸ್ವಿಫ್ಟ್: ಹಾಗೇ ಮಾರೋದಾ, ಬಿಚ್ಚಿ ಮಾರೋದಾ?

ನನ್ನ ಓಟು ಬಿಚ್ಚಿ ಮಾರುವುದಕ್ಕೆ. ಹಾಕಿಸಿದ್ದನ್ನೆಲ್ಲ ತೆಗೆದು, ಗಾಡಿಯನ್ನು ಕಂಪನಿ ಫಿಟಿಂಗ್‌ಗೆ ತಂದು, ನೇರ ಗಿರಾಕಿಗೆ ಕೊಡಬೇಕು. ದಾವಣಗೆರೆಯಲ್ಲಿ ಮೂರು ಕಡೆ ಬೆಲೆ ಕಟ್ಟಿಸಿ ನೋಡಿದ ಮೇಲೆ ಹೇಳುತ್ತಿದ್ದೇನೆ. ಗಾಡಿ 2014ರ ಸ್ವಿಫ್ಟ್ ವಿಡಿಐ, ಓಡಿದ್ದು 1.84 ಲಕ್ಷ ಕಿ.ಮೀ. 16 ಇಂಚಿನ ಅಲಾಯ್ ಚಕ್ರಗಳು, ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಮತ್ತು ಊಫರ್, ಮೈತುಂಬ ಹೊಳಪಿಲ್ಲದ ಕಪ್ಪು ಸ್ಟಿಕರ್ ಹೊದಿಕೆ, ಅಂದರೆ ಮ್ಯಾಟ್ ಕಪ್ಪು ರ‍್ಯಾಪ್.

ಪಿ.ಬಿ. ರಸ್ತೆಯ ಡೀಲರ್ ಗಾಡಿ ಸುತ್ತ ಒಮ್ಮೆ ಓಡಾಡಿ 2.10 ಲಕ್ಷ ಅಂದರು. ಅಲಾಯ್‌ಗಾಗಲಿ ಊಫರ್‌ಗಾಗಲಿ ಒಂದು ರೂಪಾಯಿ ಸೇರಿಸಲಿಲ್ಲ. "ಇವೆಲ್ಲ ಹಾಕಿಸಿದೋರು ಗಾಡಿ ಚೆನ್ನಾಗಿ ತುಳಿದಿರ್ತಾರೆ ಸರ್" ಎಂಬ ಅನುಮಾನ ಅವರದು. ಅದನ್ನು ತಪ್ಪು ಅನ್ನಲಾರೆ, ಯಾವ ಗಿರಾಕಿಗೂ ಬರುವ ಅನುಮಾನವೇ. ಆದರೆ "ಮೀಟರ್ ಇಳಿಸಿ ಮಾರ್ತೀವಿ ಬಿಡಿ" ಅಂದದ್ದು ನನಗೆ ಹಿಡಿಸಲಿಲ್ಲ. ಸರ್ವಿಸ್ ಸೆಂಟರಿನ ದಾಖಲೆಯಲ್ಲಿ ಪ್ರತಿ ಸಲದ ಕಿಲೋಮೀಟರ್ ಇರುತ್ತದೆ. ಮುಂದೆ ಕೊಂಡವರಿಗೆ ಮೋಸ ಮಾಡಿ ಯಾರಿಗೆ ಒಳ್ಳೆಯದಾಗಬೇಕು?

ಮೊಬೈಲಿನಲ್ಲೇ ಗಾಡಿ ಕೊಳ್ಳುವ ಕಂಪನಿಯೊಂದು ಮೊದಲು 2.90 ತೋರಿಸಿತು. ಹುಡುಗ ಮನೆಗೆ ಬಂದು ಪರೀಕ್ಷಿಸಿದ ಮೇಲೆ 2.25.

ನೇರ ಮಾರಾಟದಲ್ಲಿ ನನ್ನನ್ನು ಸತಾಯಿಸಿದ್ದು ರ‍್ಯಾಪ್. ಆರ್‌ಸಿಯಲ್ಲಿ ಬಣ್ಣ ಬಿಳಿ, ಕಣ್ಣೆದುರಿಗಿನ ಗಾಡಿ ಕಪ್ಪು. ಬಣ್ಣ ಬದಲಾದರೆ ಆರ್‌ಸಿಯಲ್ಲಿ ನಮೂದಾಗಬೇಕೆಂದು ತಿಳಿದವರು, ಆರ್‌ಟಿಒದಲ್ಲಿ ಹೆಸರು ಬದಲಾಯಿಸುವಾಗ ತೊಂದರೆ ಬೇಡ ಎಂದು ಅಲ್ಲಿಗೇ ಮಾತು ಮುಗಿಸುತ್ತಿದ್ದರು. ತಿಳಿಯದವರಿಗೆ ಬೇರೆ ಭಯ: ಆಕ್ಸಿಡೆಂಟ್ ಆದ ಗಾಡಿಗೆ ಸ್ಟಿಕರ್ ಹೊದಿಸಿರಬಹುದು ಎಂದು. ಬಾಯಿಮಾತಿನ ಭರವಸೆ ಇಬ್ಬರಿಗೂ ಸಾಲದು.

ಅದನ್ನು ಕೀಳುವುದೂ ಸಲೀಸಿನ ಕೆಲಸವಲ್ಲ. ನಮ್ಮೂರ ಬಿಸಿಲಿಗೆ ವರ್ಷಗಟ್ಟಲೆ ನಿಂತು, ಬಾನೆಟ್ ಮತ್ತು ಟಾಪ್ ಮೇಲಿನ ರ‍್ಯಾಪ್ ಎಳೆದರೆ ಹಪ್ಪಳದಂತೆ ಮುರಿಯುತ್ತಿತ್ತು. ಹೀಟ್ ಗನ್‌ನಿಂದ ಕಾಯಿಸುತ್ತಾ ಇಂಚಿಂಚೇ ಎಬ್ಬಿಸಬೇಕು. ಅವಸರ ಮಾಡಿದರೆ ಅಂಟೆಲ್ಲ ಗಾಡಿಯ ಮೇಲೇ ಉಳಿಯುತ್ತದೆ. ಕೆಳಗೆ ಕಂಪನಿ ಪೇಂಟ್ ಇದ್ದಲ್ಲಿ ಬಚಾವ್. ಹಿಂದೆ ಟಚಪ್ ಮಾಡಿಸಿದ್ದ ಎಡ ಫೆಂಡರಿನಲ್ಲಿ ಮಾತ್ರ ಅಂಗೈಯಗಲದ ಬಣ್ಣ ಸ್ಟಿಕರ್ ಜೊತೆಗೇ ಎದ್ದು ಬಂತು. ಕಿತ್ತ ಕೂಲಿ, ಅಂಟು ಒರೆಸಿದ್ದು, ಫೆಂಡರ್ ಪೇಂಟ್ ಎಲ್ಲ ಸೇರಿ 9 ಸಾವಿರ.

ಬಿಳಿ ಗಾಡಿ ಮನೆ ಮುಂದೆ ನಿಂತ ಮೇಲೆ ಬಂದವರು ಕೇಳುವ ಪ್ರಶ್ನೆಗಳೇ ಬದಲಾದವು. ಕ್ಲಚ್ ಯಾವಾಗ ಹಾಕಿಸಿದ್ದು, ಟರ್ಬೊ ಹೇಗಿದೆ, ಕೊನೆಗೆ ಎಷ್ಟಕ್ಕೆ ಕೊಡ್ತೀರಿ.

ಬೆಲೆಯನ್ನು ಹೀಗೆ ಕಟ್ಟಿದೆ: ಅದೇ ವರ್ಷದ, ಏನೂ ಮಾಡಿಸದ ಸ್ವಿಫ್ಟ್ ಎಷ್ಟಕ್ಕೆ ಹೋಗುತ್ತಿದೆ ನೋಡಿ, ಹೆಚ್ಚು ಓಡಿದ್ದಕ್ಕೆ ಇಳಿಸಿ, ಚೌಕಾಸಿಗೆ ಸ್ವಲ್ಪ ಜಾಗ ಬಿಟ್ಟು 2.85 ಅಂದೆ. ಸರ್ವಿಸ್ ಬಿಲ್‌ಗಳ ಫೈಲ್ ಮೊದಲೇ ಕೈಗಿಟ್ಟೆ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ತಮ್ಮ ಮೆಕ್ಯಾನಿಕ್‌ನನ್ನು ಕರೆತಂದು, ಎಂಜಿನ್ ಚಾಲೂ ಇಟ್ಟು ಆಯಿಲ್ ಕ್ಯಾಪ್ ತೆಗೆದು ಹೊಗೆ ನೋಡಿಸಿ, 2.65ಕ್ಕೆ ಒಪ್ಪಿದರು. ಮಾರುತಿ 2020ರಲ್ಲಿ ಡೀಸೆಲ್ ಕಾರು ನಿಲ್ಲಿಸಿದೆ. ಡೀಸೆಲ್ ಸ್ವಿಫ್ಟೇ ಬೇಕೆನ್ನುವವರು ಹಳೇದನ್ನೇ ಹುಡುಕಬೇಕು. 2029ಕ್ಕೆ ಆರ್‌ಸಿಯ 15 ವರ್ಷ ಮುಗಿಯುತ್ತದೆ, ಆಮೇಲೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಮಾಡಿಸಿ ನವೀಕರಿಸಬೇಕು ಎಂದು ಅವರು ಎಳೆದಾಡಿದ್ದು ನ್ಯಾಯವಾಗಿಯೇ ಇತ್ತು.

ಹಳೇ ಸ್ಟೀಲ್ ಡಿಸ್ಕ್‌ಗಳನ್ನು ಅಟ್ಟದ ಮೇಲೆ ಇಟ್ಟಿದ್ದರಿಂದ ಅಲಾಯ್ ಬಿಚ್ಚಲು ಸಾಧ್ಯವಾಯಿತು. ಟೈರ್ ಸಮೇತ ಅವು ಹರಿಹರದ ಹುಡುಗನಿಗೆ 24 ಸಾವಿರಕ್ಕೆ ಹೋದವು. ಆಂಪ್ಲಿಫೈಯರ್, ಊಫರ್ 10 ಸಾವಿರ. ಖರ್ಚು ಕಳೆದು ಕೈಗೆ ಬಂದದ್ದು 2.90 ಲಕ್ಷ, ಡೀಲರ್ ಹೇಳಿದ್ದಕ್ಕಿಂತ 80 ಸಾವಿರ ಜಾಸ್ತಿ.

ನನಗೆ ಓಡಾಡಲು ಸ್ಕೂಟರ್ ಇತ್ತು, ಕಾಯುವ ತಾಳ್ಮೆಯೂ ಇತ್ತು. ನಾಳೆಯೇ ದುಡ್ಡು ಬೇಕು, ಹಳೇ ಡಿಸ್ಕ್‌ಗಳೂ ಇಲ್ಲ ಅನ್ನುವವರಿಗೆ ಡೀಲರ್ ಸಾಕು. ಮೀಟರ್ ಮುಟ್ಟಬಾರದೆಂದು ಮಾತ್ರ ಖಡಾಖಂಡಿತ ಹೇಳಿ. ಯಾರಿಗೇ ಕೊಟ್ಟರೂ ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಸುಮ್ಮನಾಗದೆ, ಹೆಸರು ಬದಲಾದ ಆರ್‌ಸಿಯ ಫೋಟೊ ತರಿಸಿಕೊಳ್ಳಿ. ನೋ ಕ್ಲೇಮ್ ಬೋನಸ್ (ವಿಮೆ ಹಣ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ) ಇದ್ದರೆ ವಿಮಾ ಕಂಪನಿಯಿಂದ ಪತ್ರ ಪಡೆಯಿರಿ, ಮುಂದಿನ ಗಾಡಿಯ ಪ್ರೀಮಿಯಂನಲ್ಲಿ ಕಳೆಯುತ್ತಾರೆ.