ತೀರ್ಥಹಳ್ಳಿ ಕಡೆಯ ಹಳೆ ಪದ್ಮಿನಿ: 1.3 ಲಕ್ಷಕ್ಕೆ ತಗೋಬಹುದಾ?

ಮೊದಲೇ ಹೇಳಿಬಿಡುತ್ತೇನೆ, ಕೇಳಿದ ಬೆಲೆಗೆ ಈ ಕಾರು ಬೇಡ. ಅರ್ಧಕ್ಕಿಂತ ಕಡಿಮೆಗೆ ಬಂದರೆ, ಅದೂ ಕಾಗದಪತ್ರ ಸರಿಯಾದ ಮೇಲೆ, ಯೋಚನೆ ಮಾಡಬಹುದು. ಕಾರಣ ಪೂರ್ತಿ ಬರೆಯುತ್ತೇನೆ. ಮಲೆನಾಡಿನ ಕೊಟ್ಟಿಗೆಗಳಲ್ಲಿ ಇಂಥ ಕಾರು ಇನ್ನೂ ನಿಂತಿವೆ, ರೆಡಿ ಮಾಡಿ ಓಡಿಸಬೇಕು ಅನ್ನುವ ಹುಡುಗರೂ ಜಾಸ್ತಿ ಆಗಿದ್ದಾರೆ, ಆದರೆ ನೋಡಲು ಹೋದವರೆಲ್ಲ ಬಾನೆಟ್ ಎತ್ತಿ ಎಂಜಿನ್ ನೋಡಿ ಮುಂಗಡ ಕೊಟ್ಟು ಬರುತ್ತಾರೆ.

ಇದು 1978ರ ಪ್ರೀಮಿಯರ್ ಪದ್ಮಿನಿ. ತೀರ್ಥಹಳ್ಳಿ–ಕೊಪ್ಪ ರಸ್ತೆಯಿಂದ ಒಳಗೆ ಒಂದು ತೋಟದ ಮನೆ, ಅದರ ಪಕ್ಕದ ಹೆಂಚಿನ ಕೊಟ್ಟಿಗೆಯಲ್ಲಿದೆ. ಮಾರುತ್ತಿರುವವರು ಕಾರು ಕೊಂಡಿದ್ದ ಅಜ್ಜಯ್ಯನ ಮೊಮ್ಮಗ. ನಮ್ಮ ಭಾವನ ಮಗನಿಗೆ ಈ ಕಾರಿನ ಮೇಲೆ ತುಂಬಾ ಮನಸ್ಸು, ಹಾಗಾಗಿ ಶಿವಮೊಗ್ಗದಿಂದ ಪರಿಚಯದ ಟಿಂಕರ್ (ಗಾಡಿಯ ತಗಡು ಕೆಲಸದ) ಮೇಸ್ತ್ರಿಯನ್ನು ಕರೆದುಕೊಂಡು ನಾನೂ ಹೋದೆ.

ನೋಡಲು ಚೆಂದ ಇದೆ, ಅದರಲ್ಲಿ ಎರಡು ಮಾತಿಲ್ಲ. ಫಿಯಟ್ 1100ರ ಅದೇ ರೂಪ, ಸ್ಟೀರಿಂಗ್ ಪಕ್ಕದ ಹ್ಯಾಂಡಲ್ ಗೇರ್, ಮುಂದೆ ಉದ್ದದ ಸೀಟು. ಗ್ರಿಲ್ ಪೂರ್ತಿ ಇದೆ, ಎರಡೂ ಬಂಪರ್ ಇವೆ, ಮುಂದಿನ ಗಾಜು ಒಡೆದಿಲ್ಲ. ಇವು ಸಣ್ಣ ವಿಷಯ ಅಲ್ಲ. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಬಿಡಿಭಾಗಕ್ಕೆ ಅಷ್ಟು ಕಷ್ಟ ಇರಲಿಲ್ಲ, ಆದರೆ 2023ರ ಅಕ್ಟೋಬರಿನಲ್ಲಿ ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಎಂಜಿನ್, ಬ್ರೇಕಿನ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಮುಂಬೈಯಲ್ಲೋ ಹುಡುಕಿದರೆ ಸಿಗುತ್ತವೆ. ಹೊಳೆಯುವ ಪಟ್ಟಿ, ಲೈಟಿನ ರಿಂಗ್, ಆ ಕಾಲದ ಸರಿಯಾದ ಬಾಗಿಲ ಹಿಡಿಕೆ, ಇವಕ್ಕೆ ಅಲೆಯಬೇಕು. ಹಾಗಾಗಿ ಕಾರಿನ ಮೇಲೆ ಏನೇನು ಉಳಿದಿದೆ ಅನ್ನುವುದಕ್ಕೂ ಬೆಲೆ ಇದೆ.

ಎಂಜಿನ್ ಬಗ್ಗೆ ಬೇಗ ಮುಗಿಸುತ್ತೇನೆ. 1089 ಸಿಸಿ, ನಾಲ್ಕು ಸಿಲಿಂಡರ್. ಪ್ಲಗ್ ಬಿಚ್ಚಿ, ಒಳಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು, ಊಟ ಮುಗಿಸಿ ಬಂದು ಪುಲ್ಲಿಯ ನಟ್‌ಗೆ ಸ್ಪ್ಯಾನರ್ ಹಾಕಿ ತಿರುಗಿಸಿದೆವು. ತಿರುಗಿತು. 'ಎಂಜಿನ್ ಫ್ರೀ ಇದೆ ನೋಡಿ ಸಾರ್' ಅಂತ ಮೊಮ್ಮಗನಿಗೆ ಖುಷಿ. ಒಳ್ಳೆಯದೇ. ಆದರೆ ಸೀಜ್ ಆಗಿ ತಿರುಗದೇ ಇದ್ದಿದ್ದರೂ ನಾನು ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ರಿಬೋರ್ ಮಾಡಿಸಿ, ಅಂದರೆ ಸವೆದ ಸಿಲಿಂಡರನ್ನು ಕೊರೆಸಿ ಅಗಲ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕುವುದು, ಕ್ರ್ಯಾಂಕ್ ಗ್ರೈಂಡ್ ಮಾಡಿಸುವುದು, ಇದೆಲ್ಲ ಶಿವಮೊಗ್ಗದಲ್ಲೇ ಆಗುವ ಕೆಲಸ, ಖರ್ಚೂ ಮೊದಲೇ ಅಂದಾಜಿಗೆ ಸಿಗುತ್ತದೆ.

ನಿಜವಾದ ವಿಷಯ ತಗಡು. ಪದ್ಮಿನಿಗೆ ಜೀಪಿನ ಹಾಗೆ ಬೇರೆ ಚಾಸಿಸ್, ಅಂದರೆ ಕೆಳಗೆ ಭಾರ ಹೊರುವ ಉಕ್ಕಿನ ಚೌಕಟ್ಟು, ಇಲ್ಲ. ಅಂಬಾಸಿಡರಿಗೂ ಇಲ್ಲ. ಬಾಡಿಯ ತಗಡೇ ಇಡೀ ಕಾರಿನ ಭಾರ ಹೊರುತ್ತದೆ. ನೆಲ, ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಪ್ಲೇಟ್ ಸ್ಪ್ರಿಂಗ್ ಕಚ್ಚಿಕೊಳ್ಳುವ ಜಾಗ, ಮುಂದಿನ ಸಸ್ಪೆನ್ಷನ್ ಬೋಲ್ಟ್ ಆಗುವ ಜಾಗ, ಈ ನಾಲ್ಕು ಗಟ್ಟಿ ಇದ್ದರೆ ಮಾತ್ರ ಅದು ಕಾರು. ಮತ್ತೆ ನಮ್ಮ ಹವೆ ಹೇಗಿದೆ ಅಂತ ಗೊತ್ತಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ತೀರ್ಥಹಳ್ಳಿ, ಹೊಸನಗರದಲ್ಲಿ ಅಷ್ಟಿಲ್ಲದಿದ್ದರೂ ಮಳೆಗಾಲವಿಡೀ ಒಗೆದ ಬಟ್ಟೆ ಒಣಗುವುದಿಲ್ಲ. 'ಮಳೆ ಬಿದ್ದೇ ಇಲ್ಲ, ಒಳಗೇ ಇತ್ತು' ಅಂತ ಮಾರುವವರು ಹೇಳುವುದು ಸುಳ್ಳಲ್ಲ. ಆದರೆ ಮಣ್ಣಿನ ನೆಲದ ಮೇಲೆ ನಿಂತ ಕಾರಿಗೆ ತೇವ ಕೆಳಗಿನಿಂದ ಏರುತ್ತದೆ, ಹಾಗಾಗಿ ಮೇಲಿನ ಬಣ್ಣ ಹೊಳೆಯುತ್ತಿದ್ದರೂ ಹೊಟ್ಟೆಯ ಭಾಗ ಹೋಗಿರುತ್ತದೆ. ಇಲ್ಲಿ ಇನ್ನೊಂದು ತೊಂದರೆ, ಕೊಟ್ಟಿಗೆಯ ಇನ್ನೊಂದು ಬದಿಯಲ್ಲಿ ದನ ಕಟ್ಟುತ್ತಾರೆ. ಗಂಜಲದ ಆವಿ ವೈರಿಂಗಿನ ತಾಮ್ರಕ್ಕೂ ಒಳ್ಳೆಯದಲ್ಲ. ವೈರನ್ನಂತೂ ಇಲಿಗಳೇ ಅರ್ಧ ತಿಂದಿವೆ, ಪೂರ್ತಿ ಹೊಸದಾಗಿ ಎಳೆಸಬೇಕು.

ಮೇಸ್ತ್ರಿ ತಂದಿದ್ದು ಹಳೆ ಸ್ಪೀಕರಿನ ಆಯಸ್ಕಾಂತ, ಬಟ್ಟೆಯಲ್ಲಿ ಸುತ್ತಿದ್ದು. ಬಣ್ಣಕ್ಕೆ ಗೀರು ಬೀಳದ ಹಾಗೆ ಅದನ್ನು ಬಾಗಿಲು, ಮಡ್‌ಗಾರ್ಡ್ ಮೇಲೆ ಓಡಿಸುತ್ತಾ ಹೋದರು. ಮೇಲ್ಭಾಗದಲ್ಲಿ ಗಟ್ಟಿಯಾಗಿ ಕಚ್ಚಿತು. ಹಿಂದಿನ ಮಡ್‌ಗಾರ್ಡಿನ ಕೆಳಗೆ, ಎಡಗಡೆಯ ಎರಡೂ ಬಾಗಿಲ ಬುಡದಲ್ಲಿ ಕಚ್ಚಲೇ ಇಲ್ಲ. 'ಇಲ್ಲಿ ತಗಡು ಎಲ್ಲಿದೆ ಅಣ್ಣ, ಪುಟ್ಟಿ ಮೇಲೆ ಪೇಂಟ್ ನಿಂತಿದೆ' ಅಂದರು. ಪುಟ್ಟಿ ಅಂದರೆ ತೂತು, ತಗ್ಗು ಮುಚ್ಚಲು ಬಳಿಯುವ ಮೆತ್ತು. ಆಮೇಲೆ ಮ್ಯಾಟ್ ಎತ್ತಿದೆವು. ಡ್ರೈವರ್ ಕಾಲಿಡುವ ಜಾಗದಲ್ಲಿ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಪದರ ಪದರವಾಗಿ ಉದುರಿತು. ಹಿಂದಿನ ಸೀಟು ತೆಗೆದು, ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ, ಕೆಳಗೆ ಟಾರ್ಚ್ ಬಿಟ್ಟು ನೋಡಿದರು. ಬಲಗಡೆಯ ಸ್ಪ್ರಿಂಗ್ ಜಾಗ ಪರವಾಗಿಲ್ಲ, ಎಡಗಡೆಯದಕ್ಕೆ ಹಿಂದೆ ಯಾರೋ ತಗಡಿನ ತುಂಡಿಟ್ಟು ವೆಲ್ಡ್ ಮಾಡಿದ್ದಾರೆ, ಅದರ ಸುತ್ತ ಮತ್ತೆ ತುಕ್ಕು. ಬರೀ ಟಿಂಕರಿಂಗ್ ಮತ್ತು ಪೇಂಟಿಗೇ ಒಂದೂವರೆ ಲಕ್ಷಕ್ಕೆ ಕಡಿಮೆ ಇಲ್ಲ, ಪುಟ್ಟಿ ಕೆರೆದ ಮೇಲೆ ಇನ್ನೂ ಏನು ಕಾಣುತ್ತದೋ ಅಂದರು ಮೇಸ್ತ್ರಿ. ನನಗೆ ಆ ಮಾತೇ ಮುಖ್ಯ ಅನಿಸಿತು. ಎಂಜಿನ್ ಕೆಲಸಕ್ಕೆ ಒಂದು ಕೊನೆ ಇದೆ, ತುಕ್ಕಿನ ಕೆಲಸಕ್ಕೆ ಕತ್ತರಿಸುತ್ತಾ ಹೋದ ಹಾಗೆ ಖರ್ಚು ಏರುತ್ತಾ ಹೋಗುತ್ತದೆ.

ಇನ್ನು ಕಾಗದ. ಆರ್‌ಸಿ (ನೋಂದಣಿ ಪತ್ರ) ಇದೆ, ಎಂವೈ ಅಂತ ಶುರುವಾಗುವ ಹಳೆ ನಂಬರ್, ಬಾಡಿಯ ತಗಡಿನ ಮೇಲೆ ಕೊರೆದದ್ದನ್ನು ಪೆನ್ಸಿಲ್ ಉಜ್ಜಿ ತೆಗೆದ ಚಾಸಿಸ್ ನಂಬರ್ ಆರ್‌ಸಿಗೆ ಸರಿಹೊಂದಿತು. ಇದು ದೊಡ್ಡ ಸಮಾಧಾನ, ಈ ಒಂದು ಕಾರಣಕ್ಕೇ ನಾನು ಕಾರನ್ನು ಪೂರ್ತಿ ತಳ್ಳಿಹಾಕುತ್ತಿಲ್ಲ. ಆದರೆ ಹೆಸರು ಅಜ್ಜಯ್ಯನದು, ಅವರು ತೀರಿಕೊಂಡಿದ್ದಾರೆ. ಮಾರಾಟದಲ್ಲಿ ಹೆಸರು ಬದಲಾಯಿಸಲು ಹಾಕುವ ಫಾರಂ 29, 30ಕ್ಕೆ ಮೊಮ್ಮಗನ ಸಹಿ ಇಟ್ಟುಕೊಂಡು ಏನೂ ಮಾಡಲಾಗುವುದಿಲ್ಲ. ಮೊದಲು ಫಾರಂ 31 ಹಾಕಿ ವಾರಸುದಾರರ ಹೆಸರಿಗೆ ಆಗಬೇಕು, ಅದಕ್ಕೆ ದೊಡ್ಡಪ್ಪ, ಅತ್ತೆಯಂದಿರ ಒಪ್ಪಿಗೆ ಬೇಕು. ತೋಟ ಇನ್ನೂ ಪಾಲಾಗಿಲ್ಲ ಅಂತ ಮಾತಿನ ಮಧ್ಯೆ ಗೊತ್ತಾಯಿತು. ಅಲ್ಲಿಗೆ ಅರ್ಥ ಮಾಡಿಕೊಳ್ಳಿ.

ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪ್ರಮಾಣಪತ್ರ) ಮುಗಿದು ತುಂಬಾ ವರ್ಷ ಆಗಿದೆ. 15 ವರ್ಷ ದಾಟಿದ ಕಾರಿಗೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಆಗಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು, 20 ವರ್ಷ ದಾಟಿದ ಗಾಡಿಗಳಿಗೆ 2025ರಲ್ಲಿ ಇನ್ನೂ ಏರಿತು. ತಡವಾದ ಪ್ರತಿ ತಿಂಗಳಿಗೆ 500 ರೂಪಾಯಿ ಬೇರೆ. ಮೇಲೆ ಹಳೆ ಗಾಡಿಗಳಿಗೆ ಹಾಕುವ ಹಸಿರು ತೆರಿಗೆ. ಇದೆಲ್ಲ ಒಟ್ಟು ಎಷ್ಟಾಗುತ್ತದೆ ಅಂತ ಆರ್‌ಟಿಒದಲ್ಲಿ ಕೇಳಿ ಬರೆಸಿಕೊಂಡ ಮೇಲೆಯೇ ಬೆಲೆ ಮಾತಾಡಬೇಕು, ನೋಂದಣಿ ರದ್ದಾಗಿಲ್ಲ ಅಂತಲೂ ಅಲ್ಲೇ ಖಚಿತ ಮಾಡಿಕೊಳ್ಳಬೇಕು. ಇಂಥ ಹಳೆ ನಂಬರ್ ಎಷ್ಟೋ ಸಲ ಕಂಪ್ಯೂಟರಿಗೇ ಏರಿರುವುದಿಲ್ಲ.

'ಇದು ವಿಂಟೇಜ್ ಕಾರು, ಬೆಲೆ ಹಾಗೇ ಇರುತ್ತೆ' ಅನ್ನುವ ಮಾತು ಬಂತು. 2021ರ ಕೇಂದ್ರದ ನಿಯಮದ ಪ್ರಕಾರ ವಿಂಟೇಜ್ ಅಂತ ನೋಂದಾಯಿಸಲು ಮೊದಲ ನೋಂದಣಿಯಿಂದ 50 ವರ್ಷ ಆಗಿರಬೇಕು, ಇದಕ್ಕೆ 2028ರವರೆಗೆ ಕಾಯಬೇಕು. ಆಮೇಲೂ ಹೊಸ ನೋಂದಣಿಗೆ 20,000 ರೂಪಾಯಿ, ಮತ್ತೆ ಆ ನಂಬರಿನಲ್ಲಿ ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ. ನಮ್ಮ ಹುಡುಗನಿಗೆ ಬೇಕಾಗಿರುವುದು ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಸಾಗರಕ್ಕೋ ಶೃಂಗೇರಿಗೋ ಹೋಗಿ ಬರುವುದು. ಅವನಿಗೆ ಮಾಮೂಲಿ ನೋಂದಣಿಯೇ ಸರಿ.

ನಾವು ಹೇಳಿದ್ದು 50 ಸಾವಿರ, ಅದೂ ಆರ್‌ಸಿ ವಾರಸುದಾರರ ಹೆಸರಿಗೆ ಬಂದ ಮೇಲೆ. ಅವರು ದೊಡ್ಡಪ್ಪನ ಹತ್ತಿರ ಕೇಳಿ ಹೇಳುತ್ತೇನೆ ಅಂದಿದ್ದಾರೆ. ಪದ್ಮಿನಿಯೇ ಬೇಕು ಅನ್ನುವ ಹಟ ಇಲ್ಲದವರಿಗೆ ನಾನು ಹೇಳುವುದು ಹಳೆ ಮಹೀಂದ್ರ ಜೀಪ್. ಚಾಸಿಸ್ ಬೇರೆ ಇರುವುದರಿಂದ ಬಾಡಿ ಕೊಳೆತಿದ್ದರೂ ಎತ್ತಿ ಬೇರೆ ಕೂರಿಸಬಹುದು, ನಮ್ಮ ಕಡೆಯ ಯಾವ ಗ್ಯಾರೇಜಿಗೂ ಅದು ಹೊಸದಲ್ಲ. ಆದರೆ ಜೀಪುಗಳಲ್ಲಿ ಎಂಜಿನ್ ಬದಲಾಯಿಸಿ ಆರ್‌ಸಿಯಲ್ಲಿ ಬರೆಸದೇ ಬಿಟ್ಟಿರುವುದು ಜಾಸ್ತಿ, ಎಂಜಿನ್, ಚಾಸಿಸ್ ಎರಡರ ನಂಬರನ್ನೂ ನೋಡದೆ ದುಡ್ಡು ಬಿಚ್ಚಬೇಡಿ.

ನಮ್ಮ ಹುಡುಗ ಈ ಪದ್ಮಿನಿಯನ್ನೇ ತಂದರೆ ಮಾಡಬೇಕಾದ ಕ್ರಮವನ್ನೂ ಹೇಳಿದ್ದೇನೆ. ಗಾಡಿ ಬರುವ ಮೊದಲು ಸಿಮೆಂಟ್ ನೆಲದ, ಗಾಳಿ ಆಡುವ ಶೆಡ್ ಆಗಬೇಕು. ಇಲ್ಲದಿದ್ದರೆ ಬಿಚ್ಚಿಟ್ಟ ಬರಿ ತಗಡು ಒಂದೇ ಮಳೆಗಾಲದಲ್ಲಿ ಮತ್ತೆ ಕೆಂಪಾಗುತ್ತದೆ. ಪೆಟ್ರೋಲಿನ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಎಲ್ಲ ಹೊಸದು ಬೇಕು, ಈಗಿನ ಪೆಟ್ರೋಲಿನಲ್ಲಿರುವ 20% ಎಥನಾಲ್ ಹಳೆ ರಬ್ಬರನ್ನು ಹಾಳು ಮಾಡುತ್ತದೆ. ಬಣ್ಣಕ್ಕಿಂತ ಮೊದಲು ಬ್ರೇಕ್. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಗಾಡಿ ಇದು, ಸಿಲಿಂಡರ್, ಲೈನರ್, ಪೈಪ್ ಎಲ್ಲ ಬದಲಾಯಿಸಿ ಶಿವಮೊಗ್ಗದ ಸುತ್ತಮುತ್ತ ಸಾಕಷ್ಟು ಓಡಿಸಿ ನೋಡುವ ತನಕ ಆಗುಂಬೆ ಘಾಟಿಯ 14 ತಿರುವು ಇಳಿಸುವ ಮಾತೇ ಬೇಡ.